ಗರ ಬಿದ್ದಾಗ ಆಡುವ ಮಾತು

ಈ ಸಂಚಿಕೆಗೆ ದಾಳದಾಟದ ಮಾತುಗಳನ್ನು ಕುರಿತು ಬರೆಯುತ್ತೇನೆಂದು ಹೇಳಿದಾಗ ಗೆಳೆಯರು ನಕ್ಕರು. ‘ಪಂಪ ರನ್ನರನ್ನು ಬಿಟ್ಟು ಜೂಜುಕೋರರ ಬಾಯಿಗೆ ಏಕೆ ಹೋಗುತ್ತೀಯೆ?’ ಎಂದು ಒಬ್ಬ ಕೇಳಿದ. ಪಂಪನನ್ನು ಬಿಟ್ಟು ಹೋಗಬೇಕಾದ ಅವಶ್ಯಕತೆಯೇ ಇಲ್ಲವೆಂದು ನಾನು ಉತ್ತರ ಕೊಟ್ಟೆ. ದುರ್ಯೋಧನನ ಪತ್ನಿ ಭಾನುಮತಿ ಕರ್ಣನೊಡನೆ ಆಡಿ ಸೋತು, ಪಣವಾಗಿ ಒಡ್ಡಿದ್ದ ಹಾರಕ್ಕಾಗಿ ಎಳೆದಾಟವಾಗಿ, ಮುತ್ತುಗಳು ಚೆಲ್ಲಿಹೋದ ಪ್ರಸಂಗವನ್ನು ನಾವೆಲ್ಲರೂ ತರಗತಿಯಲ್ಲಿ ಕೇಳಿದ್ದೇವೆ. ಅಲ್ಲಿ ಅವರಿಬ್ಬರೂ ಆಡಿದ್ದು ‘ನೆತ್ತ’. ಹತ್ತನೆಯ ಶತಮಾನದ ಕನ್ನಡಿಗರು ದಾಳದಾಟಕ್ಕೆ ಇಟ್ಟಿದ್ದ ಹೆಸರು ಅದು. ಅದನ್ನು ‘ಲೆತ್ತ’ ಎಂದೂ ಅನ್ನುತ್ತಿದ್ದರು. ತೆಲುಗಿನ ಹಳೆಯ ಕಾವ್ಯಗಳಲ್ಲಿ ಅದೇ ಮಾತು ‘ನೆತ್ತಮು’ ಎಂದು ಕಾಣಿಸಿಕೊಳ್ಳುತ್ತದೆ. ಅರಮನೆಯಲ್ಲಿ ಆಡಿದರೆ ಕಾವ್ಯ, ಅರಳಿಕಟ್ಟೆಯಲ್ಲಿ ಆಡಿದರೆ ಪೋಲಿತನ ಎಂದು ಭೇದ ಮಾಡುವುದು ಭಾಷೆಯನ್ನು ಅಭ್ಯಾಸ ಮಾಡುವವನಿಗೆ ಸಲ್ಲದು.

ನನ್ನ ಊರು ಕೈವಾರದ ಬಳಿ. ಕೈವಾರವೇ ಮಹಾಭಾರತದ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಅಲ್ಲಿಯ ಬೆಟ್ಟದಲ್ಲೇ ಎಂದೂ ಪ್ರತೀತಿ ಉಂಟು. ಬೆಟ್ಟಕ್ಕೆ ಬರುವ ಯಾತ್ರಿಕರು ಎಷ್ಟೋ ಬಾರಿ ‘ಪಗಡೆಯಲ್ಲಿ ಸೋತು ಬಂದ ಪಾಂಡವರು ಇಲ್ಲಿದ್ದರಂತೆ’ ಎಂದು ಮಕ್ಕಳಿಗೆ ಹೇಳುವುದನ್ನು ಕೇಳಿದ್ದೇನೆ. ಇದನ್ನು ತಿದ್ದಬೇಕು. ಏಕಚಕ್ರದ ವಾಸ ಆದಿಪರ್ವದಲ್ಲಿ, ಅರಗಿನ ಮನೆ ಸುಟ್ಟ ಮೇಲೆ ಬರುತ್ತದೆ, ಜೂಜು ಸಭಾಪರ್ವದಲ್ಲಿ. ನಮ್ಮೂರಿನ ಕಡೆ ಇದ್ದಾಗ ಧರ್ಮರಾಯನು ಇನ್ನೂ ಏನನ್ನೂ ಸೋತಿರಲಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಅನೇಕ ಮನೆಗಳಲ್ಲಿ ಮಾತು ತೆಲುಗು, ಓದುಬರಹ ಕನ್ನಡ. ನಮ್ಮ ಮನೆಯಲ್ಲಿಯೂ ಹಾಗೆಯೇ. ತಂದೆಯ ತಾಯಿ, ನಾವು ‘ಅವ್ವ’ ಎಂದು ಕರೆಯುವವರು, ತೆಲುಗನ್ನಲ್ಲದೆ ಬೇರೆ ಆಡರು. ನನ್ನ ತಾಯಿ ಹೊಸಕೋಟೆಯ ಕಡೆಯವರು. ಅವರ ತವರಿನಲ್ಲಿ ಕನ್ನಡ. ಅತ್ತೆ ಸೊಸೆಯರು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಜಗಲಿಯ ಕಲ್ಲಿನ ಮೇಲೆ ಇದ್ದಿಲಿನಿಂದ ಐದು ಮನೆಗೆ ಐದು ಮನೆಯ ಹಾಸು ಬರೆದು ಆಡುತ್ತಿದ್ದರು. ತಾಯಿಗೆ ಅದು ‘ಚೌಕಾಬಾರ’. ಅವ್ವನಿಗೆ ಅದು ‘ಅಷ್ಟಾ ಚಮ್ಮಾ’. ಆಟ ಒಂದೇ, ಹಾಸು ಒಂದೇ, ಕವಡೆ ನಾಲ್ಕೇ. ಆದರೆ ಬಿದ್ದ ಕವಡೆಯನ್ನು ಇಬ್ಬರೂ ಬೇರೆ ಬೇರೆ ಹೆಸರಿನಿಂದ ಕೂಗುತ್ತಿದ್ದುದು ನನಗೆ ಚಿಕ್ಕಂದಿನಿಂದಲೂ ವಿಚಿತ್ರವಾಗಿ ಕಾಣುತ್ತಿತ್ತು.

ಆಟವನ್ನು ಅರಿಯದ ಪೇಟೆಯ ವಾಚಕರಿಗಾಗಿ ಅದರ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಾಸಿನಲ್ಲಿ ಇಪ್ಪತ್ತೈದು ಮನೆ. ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಟ್ಟನಡುವೆ ಒಂದು. ನಾಲ್ಕು ಬದಿಯ ನಡುವಿನ ಮನೆಗಳಿಗೂ ನಡುಮನೆಗೂ ಅಡ್ಡಗೀಟು ಹಾಕಿರುತ್ತಾರೆ. ಅವು ಕಟ್ಟೆಮನೆಗಳು, ಅಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಕೆಲವು ಊರುಗಳಲ್ಲಿ ಇದರಿಂದಲೇ ಆಟಕ್ಕೆ ‘ಕಟ್ಟೆಮನೆ’ ಎಂಬ ಹೆಸರಾಗಿದೆ. ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಕಾಯಿ. ಕಾಯಿಗೆ ಕಲ್ಲು, ಕಡ್ಡಿ, ಬಳೆಚೂರು ಯಾವುದಾದರೂ ಆದೀತು. ಬಳೆ ಮಾರಿ ಬದುಕಿದ ತಾತಯ್ಯನವರ ಊರಿನ ಸೀಮೆಯಲ್ಲಿ ಬಳೆಚೂರಿಗೆ ಬರವೇ? ಕಾಯಿ ಹೊರಸುತ್ತನ್ನು ಒಂದು ದಿಕ್ಕಿನಲ್ಲಿ ಸುತ್ತಿ, ಒಳಸುತ್ತನ್ನು ಅದರ ವಿರುದ್ಧ ದಿಕ್ಕಿನಲ್ಲಿ ಸುತ್ತಿ, ನಡುಮನೆ ಸೇರಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಒಂದು ಮೈ ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಕವಡೆ ಇತ್ತಾದರೂ ನನಗೂ ನನ್ನ ಅಕ್ಕನಿಗೂ ಹುಣಸೆ ಬೀಜವೇ ಪ್ರಿಯ. ಉಜ್ಜುವಾಗ ಬೀಜ ಕಾದು ಬೆರಳು ಸುಡುತ್ತಿತ್ತು, ಅದನ್ನು ಒಬ್ಬರು ಇನ್ನೊಬ್ಬರ ಕೈಗೆ ಒತ್ತಿ ಕಿರುಚಿಸುವುದು ಆಟದ ಮುಂಚಿನ ಆಟ.

ಕವಡೆಯಲ್ಲಿ ಒಂದು ಅಂಗಾತ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರು ಬಿದ್ದರೆ ಮೂರು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲು ಬಿದ್ದರೆ ಸೊನ್ನೆಯಲ್ಲ, ಎಂಟು; ಅದು ಬಾರ. ಅವ್ವನ ಬಾಯಲ್ಲಿ ನಾಲ್ಕು ‘ಚಮ್ಮಾ’, ಎಂಟು ‘ಅಷ್ಟಾ’. ಚೌಕವೋ ಬಾರವೋ ಬಿದ್ದರೆ ಮತ್ತೊಮ್ಮೆ ಕವಡೆ ಹಾಕುವ ಹಕ್ಕುಂಟು. ಆದರೆ ಹೀಗೆ ಸಾಲಾಗಿ ಮೂರು ಸಲ ಬಿದ್ದರೆ ಮೂರೂ ‘ಸುಟ್ಟುಹೋಯಿತು’ ಎಂದು ನಮ್ಮ ಮನೆಯ ಕಟ್ಟಳೆ. ಅತಿಯಾದ ಅದೃಷ್ಟವನ್ನು ನಮ್ಮ ಹಿರಿಯರು ನಂಬುತ್ತಿರಲಿಲ್ಲವೆಂದು ಕಾಣುತ್ತದೆ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಒಂದು, ಎರಡು, ಮೂರು ಬಿದ್ದಾಗ ತಾಯಿ ಕನ್ನಡದಲ್ಲಿ ಎಣಿಸುತ್ತಾರೆ, ಅವ್ವ ‘ಒಕಟಿ, ರೆಂಡು, ಮೂಡು’ ಎಂದು ತೆಲುಗಿನಲ್ಲಿ ಎಣಿಸುತ್ತಾರೆ. ಅವು ಮನೆಯ ಮಾತು. ಆದರೆ ನಾಲ್ಕು ಎಂಟು ಬಿದ್ದ ಕೂಡಲೆ ಇಬ್ಬರೂ ಮನೆಯ ಮಾತನ್ನು ಬಿಟ್ಟುಬಿಡುತ್ತಾರೆ. ತಾಯಿ ‘ನಾಲ್ಕು’ ಎಂದು ಕೂಗಿದ್ದನ್ನು ನಾನು ಕೇಳಿಲ್ಲ. ಅವ್ವ ‘ಎನಿಮಿದಿ’ ಎಂದದ್ದನ್ನೂ ಕೇಳಿಲ್ಲ. ‘ಅಷ್ಟ’ ಸಂಸ್ಕೃತ. ‘ಚೌಕ’ ಉತ್ತರದಿಂದ ಬಂದದ್ದು. ಅದರ ಮೂಲವೂ ಸಂಸ್ಕೃತದ ‘ಚತುಷ್ಕ’. ಅಕ್ಷರ ಕಲಿಯದ ಮುದುಕಿಯೊಬ್ಬರು ಎಂಟು ಬಿದ್ದಾಗ ಮಾತ್ರ ಸಂಸ್ಕೃತ ನುಡಿಯುತ್ತಾರೆ!

ಇದಕ್ಕೆ ಕಾರಣ ಕವಡೆಯ ಲೆಕ್ಕದಲ್ಲೇ ಇದೆ. ಕವಡೆಯ ಎರಡು ಮೈಯೂ ಸಮನಾಗಿ ಬೀಳುತ್ತವೆಂದು ಇಟ್ಟುಕೊಂಡರೆ ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಅವುಗಳಲ್ಲಿ ಎರಡು ಬೀಳುವ ಬಗೆ 6, ಒಂದು ಬೀಳುವ ಬಗೆ 4, ಮೂರು ಬೀಳುವ ಬಗೆಯೂ 4. ಚೌಕಕ್ಕೆ ಒಂದೇ ಒಂದು, ಬಾರಕ್ಕೂ ಒಂದೇ ಒಂದು. ದಿನವೂ ಕಾಣುವವನನ್ನು ‘ಏನಯ್ಯಾ’ ಎಂದು ಕರೆದು, ಅಪರೂಪಕ್ಕೆ ಬರುವ ನೆಂಟನನ್ನು ಪೂರ್ತಿ ಹೆಸರು ಹಿಡಿದು ಕರೆಯುವಂತೆ, ಆಟಗಾರರು ಬರಬಹುದೋ ಬಾರದೋ ಎಂದು ಕಾದು ಕುಳಿತ ಗರಕ್ಕೆ ಮಾತ್ರ ಹೆಸರು ಇಡುತ್ತಾರೆ. ಉಳಿದದ್ದು ಬರಿಯ ಎಣಿಕೆ.

‘ಬಾರ’ ಎಂಬ ಮಾತಿನಲ್ಲಿ ಒಂದು ತೊಡಕಿದೆ. ಹಿಂದೂಸ್ತಾನಿಯಲ್ಲಿ ‘ಬಾರಹ’ ಎಂದರೆ ಹನ್ನೆರಡು. ನಮ್ಮ ಬಾರಕ್ಕೆ ಬೆಲೆ ಎಂಟು. ಎಂಟನ್ನು ಹನ್ನೆರಡೆಂದು ಕರೆಯುವುದೇಕೆ? ಏಳು ಮನೆಗೆ ಏಳು ಮನೆಯ ದೊಡ್ಡ ಹಾಸಿನಲ್ಲಿ ಆರು ಕವಡೆಗಳಿಂದ ಆಡುವ ಕ್ರಮವೊಂದಿದೆ. ಅದರಲ್ಲಿ ಆರೂ ಬೋರಲು ಬಿದ್ದರೆ ಹನ್ನೆರಡು. ಹೆಸರು ಆ ದೊಡ್ಡ ಆಟದಲ್ಲಿ ಹುಟ್ಟಿ, ಹಾಸು ಚಿಕ್ಕದಾದ ಮೇಲೂ ಅಂಟಿಕೊಂಡು ಉಳಿದಿರಬೇಕೆಂದು ನನ್ನ ಊಹೆ. ಬೆಲೆ ಇಳಿದರೂ ಬಿರುದು ಇಳಿಯಲಿಲ್ಲ. ನಮ್ಮ ಕಡೆಯ ಕೆಲವು ಪಾಳೆಯಗಾರರ ಮನೆತನಗಳಂತೆ ಎನ್ನಬಹುದೇನೋ!

ಕಾಯಿ ನಡುಮನೆ ಸೇರಿದರೆ ಕನ್ನಡದಲ್ಲಿ ‘ಹಣ್ಣಾಯಿತು’, ತೆಲುಗಿನಲ್ಲಿ ‘ಪಂಡಿಂದಿ’. ಹೊರಗೆ ಅಲೆಯುವಾಗ ಕಾಯಿ, ಮನೆ ಸೇರಿದ ಮೇಲೆ ಹಣ್ಣು. ಇಷ್ಟು ಒಳ್ಳೆಯ ಮಾತನ್ನು ಯಾವ ಕವಿಯೂ ಕೂತು ಕಟ್ಟಿದ್ದಲ್ಲ. ಹಳಗನ್ನಡದ ‘ಪಣ್’ ಎಂಬುದೇ ಪಕಾರಕ್ಕೆ ಹಕಾರ ಬಂದು ‘ಹಣ್ಣು’ ಆದುದನ್ನು ವ್ಯಾಕರಣದಲ್ಲಿ ಓದಿದ್ದೇವೆ. ತೆಲುಗಿನಲ್ಲಿ ಆ ಪಕಾರ ಹಾಗೆಯೇ ಉಳಿದು ‘ಪಂಡು’ ಆಗಿದೆ. ಪರೀಕ್ಷೆಗಾಗಿ ಉರು ಹೊಡೆದ ಸೂತ್ರವನ್ನು ನನ್ನ ಅವ್ವ ಮತ್ತು ತಾಯಿ ಒಂದೇ ಹಾಸಿನ ಎರಡು ಬದಿ ಕುಳಿತು ದಿನಾ ಮಧ್ಯಾಹ್ನ ಆಡಿ ತೋರಿಸುತ್ತಿದ್ದರೆಂಬುದು ನನಗೆ ಹೊಳೆದದ್ದು ಎರಡನೆಯ ಬಿ.ಎ. ತರಗತಿಯಲ್ಲಿ. ಕಡಿಸಿಕೊಂಡ ಕಾಯಿಗೆ ಅವ್ವ ‘ಚಚ್ಚಿಂದಿ’, ಸತ್ತಿತು, ಎನ್ನುವರು. ಅಮ್ಮನ ಕಾಯಿ ಸತ್ತಾಗ ಅವರ ಧ್ವನಿಯಲ್ಲಿ ಇರುತ್ತಿದ್ದ ಸಂತೋಷವನ್ನು ಇಲ್ಲಿ ವಿವರಿಸುವುದು ಕುಟುಂಬದ ಹಿತದೃಷ್ಟಿಯಿಂದ ಉಚಿತವಲ್ಲ.

ಇನ್ನು ‘ಗರ’. ದಾಳಕ್ಕೂ, ದಾಳದಲ್ಲಿ ಬಿದ್ದ ಎಣಿಕೆಗೂ ಕನ್ನಡದಲ್ಲಿ ಗರವೆಂದು ಹೆಸರು. ‘ಗರ ಬಿತ್ತು’ ಎಂದರೆ ಬಯಸಿದ ಎಣಿಕೆ ಬಿದ್ದಿತೆಂದು ಅರ್ಥ. ‘ಗ್ರಹ’ದ ತದ್ಭವವೂ ‘ಗರ’ವೇ, ಮಂಕಾಗಿ ಕುಳಿತವನನ್ನು ‘ಗರ ಬಡಿದವನಂತೆ’ ಎನ್ನುತ್ತೇವೆ. ನಿಘಂಟಿನಲ್ಲಿ ಎರಡೂ ಬೇರೆ ಬೇರೆ ಮಾತುಗಳು. ಆದರೆ ಬೀಳುವ ಗರವನ್ನು ಕಾದು ಕುಳಿತವನ ಮುಖ ನೋಡಿದವರು ಎರಡೂ ಒಂದೇ ಎಂದರೆ ನಾನು ಜಗಳವಾಡುವುದಿಲ್ಲ.

ಪಗಡೆಯನ್ನು ನಮ್ಮ ಮನೆಯಲ್ಲಿ ಆಡುತ್ತಿರಲಿಲ್ಲವಾದುದರಿಂದ ಅದನ್ನು ಬೇಗ ದಾಟುತ್ತೇನೆ. ಅದಕ್ಕೆ ಕವಡೆಯಲ್ಲ, ಎರಡು ಉದ್ದನೆಯ ದಾಳ. ಒಂದೊಂದರ ನಾಲ್ಕು ಮೈಗಳಲ್ಲಿ 1, 3, 4, 6 ಚುಕ್ಕಿ. ಎರಡು ದಾಳ ಸೇರಿ ಏಳು ಬೀಳುವುದೇ ಎಲ್ಲಕ್ಕಿಂತ ಸುಲಭ, 16ರಲ್ಲಿ 4 ಸಲ. ಹನ್ನೊಂದು ಎಂದಿಗೂ ಬೀಳದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಆಟಗಳಲ್ಲಿ ಅಪಾರ ಆಸಕ್ತಿಯಿದ್ದವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆ ‘ಕೌತುಕನಿಧಿ’ ಎಂಬ ಭಾಗವೇ ಇದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳ ಚಿತ್ರಗಳಿವೆ. ಹಂಪೆಗೆ ಪ್ರವಾಸ ಹೋದವರು ಮಂಟಪಗಳ ನೆಲಗಲ್ಲಿನಲ್ಲಿ ಕೊರೆದ ಹಾಸುಗಳನ್ನು ನೋಡಿರಬಹುದು. ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದ ಲೂಡೋ ನಮ್ಮ ಪಚ್ಚೀಸಿಯ ಮರಿ. ಅದೇ ಈಗ ಮೊಬೈಲಿನಲ್ಲಿ ಕುಳಿತು ನಮ್ಮ ಹಾಸ್ಟೆಲಿನ ಹುಡುಗರ ನಿದ್ದೆ ಕೆಡಿಸುತ್ತಿದೆ. ಪಗಡೆಯ ದಾಳವನ್ನು ಕಣ್ಣಿಂದ ಕಾಣದವರ ಬಾಯಲ್ಲೂ ಅದರ ಮಾತು ಉಳಿದಿದೆ. ಪಕ್ಷಗಳವರು ‘ದಾಳ ಉರುಳಿಸುತ್ತಾರೆ’. ಒಳ್ಳೆಯ ಕೆಲಸಕ್ಕೂ ‘ಪಣ ತೊಡುತ್ತೇವೆ’. ನಾವು ‘ಬೇಳೆ ಬೇಯಲಿಲ್ಲ’ ಎನ್ನುವಲ್ಲಿ ಅವ್ವ ‘ಪಾಚಿಕ ಪಾರಲೇದು’, ದಾಳ ನಡೆಯಲಿಲ್ಲ, ಎನ್ನುತ್ತಾರೆ.

ಹೆಸರಿಡುವ ಈ ಅಭ್ಯಾಸ ನಮ್ಮ ಸೀಮೆಗೆ ಮಾತ್ರ ಸೇರಿದ್ದೇ ಎಂದು ನೋಡಲು ಎರಡು ದೂರದ ಉದಾಹರಣೆಗಳನ್ನು ತೆಗೆದುಕೊಳ್ಳೋಣ.

ಒಂದು ಕಾಲದಲ್ಲಿ ದೂರ. ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತ ಜೂಜುಗಾರನೊಬ್ಬನ ಅಳಲು. ಆ ಕಾಲದವರು ತಾರೆಕಾಯಿಗಳನ್ನು ದಾಳವಾಗಿ ಬಳಸುತ್ತಿದ್ದರು. ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸಿದಾಗ ಏನೂ ಉಳಿಯದಿದ್ದರೆ ‘ಕೃತ’, ಅದು ಗೆಲುವು. ಮೂರು ಉಳಿದರೆ ‘ತ್ರೇತಾ’, ಎರಡು ಉಳಿದರೆ ‘ದ್ವಾಪರ’, ಒಂದೇ ಉಳಿದರೆ ‘ಕಲಿ’, ಅದು ಸೋಲು. ಈ ಹೆಸರುಗಳೇ ಮುಂದೆ ಯುಗಗಳ ಹೆಸರಾದವು. ‘ಎಲ್ಲಾ ಕಲಿಕಾಲದ ಮಹಿಮೆ’ ಎಂದು ಅರಳಿಕಟ್ಟೆಯಲ್ಲಿ ಕುಳಿತು ಯುವಕರನ್ನು ಬಯ್ಯುವ ಹಿರಿಯರು ತಾವು ಜೂಜುಕಟ್ಟೆಯ ಮಾತನ್ನೇ ಆಡುತ್ತಿದ್ದೇವೆಂದು ಅರಿಯರು. ನಳನ ಕಥೆಯಲ್ಲಿ ಅವನ ಮೈಯನ್ನು ಹೊಕ್ಕು ಕಾಡಿದವನೂ ಈ ಕಲಿಯೇ.

ಇನ್ನೊಂದು ದೇಶದಲ್ಲಿ ದೂರ. ಅಮೆರಿಕದಲ್ಲಿ ‘ಕ್ರ್ಯಾಪ್ಸ್’ ಎಂಬ ಆಟವಿದೆ. ಆರು ಮೈಯ ಎರಡು ದಾಳ. ಮೊದಲ ಎಸೆತದಲ್ಲಿ ಏಳು ಅಥವಾ ಹನ್ನೊಂದು ಬಿದ್ದರೆ ಗೆಲುವು, ಎರಡು, ಮೂರು, ಹನ್ನೆರಡು ಬಿದ್ದರೆ ಸೋಲು. ಬೇರೆ ಏನು ಬಿದ್ದರೂ ಅದೇ ಎಣಿಕೆ ಮತ್ತೆ ಬೀಳುವವರೆಗೆ ಎಸೆಯಬೇಕು, ನಡುವೆ ಏಳು ಬಿದ್ದರೆ ಹೋಯಿತು. ಇಂಗ್ಲೆಂಡಿನ ‘ಹಜಾರ್ಡ್’ ಎಂಬ ಹಳೆಯ ಆಟದಲ್ಲಿ ಕೆಟ್ಟ ಎಸೆತಕ್ಕೆ ‘ಕ್ರ್ಯಾಬ್ಸ್’, ಏಡಿಗಳು, ಎನ್ನುತ್ತಿದ್ದರು. ಅದು ಫ್ರೆಂಚರ ಬಾಯಿಗೆ ಹೋಗಿ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಕ್ರ್ಯಾಪ್ಸ್ ಆಯಿತು. ಒಂದು ಸೋಲಿನ ಹೆಸರು ಆಟದ ಹೆಸರಾಯಿತು! ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಗಳು ನೆಲಕ್ಕೆ ಕಂಬಳಿ ಹಾಸಿ ಇದನ್ನು ಆಡಿದರು. ಬೀದಿಯಲ್ಲಾದರೆ ದಾಳವನ್ನು ಗೋಡೆಗೆ ಬಡಿದು ಬರುವಂತೆ ಎಸೆಯುತ್ತಾರೆ, ಕೈಚಳಕಕ್ಕೆ ಅವಕಾಶವಿರಬಾರದೆಂದು. ಎರಡು ಒಂದುಗಳು ಬಿದ್ದರೆ ಅವರಿಗೆ ಅದು ‘ಹಾವಿನ ಕಣ್ಣು’. ಎರಡು ಆರುಗಳು ಬಿದ್ದರೆ ಗೂಡ್ಸ್ ರೈಲಿನ ಡಬ್ಬಿಗಳು. ಎರಡೂ ಸೋಲು, 36ರಲ್ಲಿ ಒಂದೊಂದೇ ಸಲ ಬೀಳುವಂಥವು. ದಾಳವನ್ನು ಕೈಯಲ್ಲಿ ಕುಲುಕುತ್ತಾ ಆಟಗಾರ ‘ಮಗುವಿಗೆ ಹೊಸ ಜೋಡು ಬೇಕು’ ಎಂದು ಕೂಗುತ್ತಾನಂತೆ. ನನ್ನ ಅವ್ವ ಕವಡೆ ಕುಲುಕುವಾಗ ಇಷ್ಟದೇವರ ಹೆಸರು ಹೇಳಿ ಒಂದು ಉಸಿರು ಊದುತ್ತಾರೆ. ಜೋಡು ಬೇಡುವವನಿಗೂ ದೇವರನ್ನು ಕರೆಯುವವರಿಗೂ ಅಂತರ ಹೆಚ್ಚಿಲ್ಲ.

ಹೀಗೆ ಏಡಿ, ಹಾವು, ಕಲಿ, ಅಷ್ಟಾ, ಬಾರ ಎಲ್ಲವೂ ಒಂದೇ ಜಾತಿಯ ಮಾತುಗಳು. ದಾಳವನ್ನು ಕೈಯಲ್ಲಿ ಹಿಡಿದವನು, ತನ್ನ ಕಾಯಿ ಸಾಯುವುದೋ ಹಣ್ಣಾಗುವುದೋ ಎಂದು ಕಾಯುವವನು ಹುಟ್ಟಿಸಿದ ಮಾತುಗಳು. ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ಲೇಖನ ನಗುನಗುತ್ತಾ ಮುಗಿಯುತ್ತಿತ್ತು. ಆದರೆ ನಮ್ಮ ಕಡೆ ಇನ್ನೊಂದು ದಾಳದಾಟವಿದೆ. ಅದನ್ನು ಬಿಟ್ಟರೆ ಬರೆದದ್ದು ಅರ್ಧ ಸತ್ಯವಾದೀತು.

ಪರಿಷೆ ತಿರುನಾಳುಗಳಲ್ಲಿ, ಕಳ್ಳೆಪುರಿ ಅಂಗಡಿಗಳ ಸಾಲು ಮುಗಿದು ಕತ್ತಲೆ ಆರಂಭವಾಗುವ ಕಡೆ, ಒಂದು ಬಟ್ಟೆ ಹಾಸಿರುತ್ತದೆ. ಬಟ್ಟೆಯ ಮೇಲೆ ಆರು ಚಿತ್ರ: ಕಿರೀಟ, ಬಾವುಟ, ಆಟೀನು, ಇಸ್ಪೀಟು, ಡೈಮಂಡು, ಕಳಾವರು. ಡಬ್ಬಿಯೊಳಗೆ ಮೂರು ದಾಳ. ಅವುಗಳ ಆರು ಮೈಯಲ್ಲೂ ಚುಕ್ಕಿಗಳಿಲ್ಲ, ಇದೇ ಚಿತ್ರಗಳು. ನೀವು ಯಾವುದಾದರೂ ಚಿತ್ರದ ಮೇಲೆ ಹಣ ಇಡಬೇಕು. ಒಡೆಯ ಡಬ್ಬಿಯನ್ನು ಗಡಗಡ ಕುಲುಕಿ ಕವುಚಿ ಎತ್ತುತ್ತಾನೆ. ನಿಮ್ಮ ಚಿತ್ರ ಒಂದು ದಾಳದಲ್ಲಿದ್ದರೆ ಇಟ್ಟ ಹಣದ ಜೊತೆಗೆ ಅಷ್ಟೇ ಹಣ, ಎರಡರಲ್ಲಿದ್ದರೆ ಎರಡರಷ್ಟು, ಮೂರರಲ್ಲೂ ಇದ್ದರೆ ಮೂರರಷ್ಟು. ಒಂದರಲ್ಲೂ ಇಲ್ಲದಿದ್ದರೆ ಇಟ್ಟದ್ದು ಅವನದು. (ಕಳಾವರು ಎಂಬ ಹೆಸರನ್ನು ಕೇಳಿದಾಗ ಡಚ್ಚರು ಆ ಎಲೆಗೆ ‘ಕ್ಲಾವರ್’ ಎನ್ನುವುದು ನೆನಪಾಗದೆ ಇರದು.) ಬೀದಿಯಲ್ಲಿ ಹೀಗೆ ಹಣವಿಟ್ಟು ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯಿದೆಯ ಪ್ರಕಾರ ಅಪರಾಧ. ಪತ್ರಿಕೆಗಳಲ್ಲಿ ಆಗಾಗ ಬರುವ ‘ಕಲಂ 87’ ಇದೇ. ಆದರೂ ಬಟ್ಟೆ ಸುತ್ತಿಕೊಂಡು ಓಡುವುದಕ್ಕೆ ಎಷ್ಟು ಹೊತ್ತು ಬೇಕು?

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಚಿಕ್ಕಪ್ಪ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಮನೆಯ ರೇಷ್ಮೆಗೂಡು ಮಾರಿ, 11,000 ರೂಪಾಯಿ ಒಳಜೇಬಿನಲ್ಲಿಟ್ಟುಕೊಂಡು, ದಾರಿಯಲ್ಲಿ ಒಂದು ಪರಿಷೆಗೆ ಹೊಕ್ಕರು. ಮನೆಗೆ ಬಂದಾಗ ಬೆಳಗಿನ ಜಾವ. ಜೇಬಿನಲ್ಲಿ ಇದ್ದದ್ದು ನನಗೆಂದು ಕೊಂಡ ಒಂದು ಪೀಪಿ. ಆ ಹಣದಲ್ಲಿ ಸೊಪ್ಪಿನ ಸಾಲ ತೀರಬೇಕಾಗಿತ್ತು, ಎಸ್.ಎಸ್.ಎಲ್.ಸಿ. ಪಾಸಾಗಿದ್ದ ಅಕ್ಕನನ್ನು ಚಿಂತಾಮಣಿಯ ಪಿ.ಯು. ಕಾಲೇಜಿಗೆ ಸೇರಿಸಬೇಕಾಗಿತ್ತು. ಸೊಪ್ಪಿನ ಸಾಲ ಹೇಗೋ ತೀರಿತು. ಅಕ್ಕ ಕಾಲೇಜಿಗೆ ಹೋಗಲಿಲ್ಲ. ಮನೆಯಲ್ಲಿ ಮೊದಲ ಪದವೀಧರನಾಗುವವನು ನಾನೆಂದು ನೆಂಟರು ಈಗ ಹೇಳುವಾಗ ನನಗೆ ಉತ್ತರ ತೋಚುವುದಿಲ್ಲ. ಲೆಕ್ಕದಲ್ಲಿ ನನಗಿಂತ ಅಕ್ಕನೇ ಚುರುಕು.

ಕಳೆದ ವರ್ಷ ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ ಭಾಗವನ್ನು ಓದುವಾಗ ಆ ಡಬ್ಬಿಯ ಲೆಕ್ಕವನ್ನು ನಾನೇ ಹಾಕಿ ನೋಡಿದೆ. ‘ಮೂರು ದಾಳ, ಆರು ಚಿತ್ರ, ಅಲ್ಲಿಗೆ ಅರ್ಧಕ್ಕರ್ಧ’ ಎಂಬುದು ಚಿಕ್ಕಪ್ಪನವರ ಅಂದಾಜು. ಎಲ್ಲರ ಅಂದಾಜೂ ಅದೇ. ಮೂರು ದಾಳ ಬೀಳುವ ಬಗೆ ಒಟ್ಟು 216. ಅವುಗಳಲ್ಲಿ ನಿಮ್ಮ ಚಿತ್ರ ಒಂದರಲ್ಲೂ ಕಾಣಿಸದ ಬಗೆ 125, ಒಂದರಲ್ಲಿ ಕಾಣುವುದು 75, ಎರಡರಲ್ಲಿ 15, ಮೂರರಲ್ಲೂ ಕಾಣುವುದು 1. ಅಂದರೆ ಗೆಲುವು 91, ಸೋಲು 125. ಸಲಕ್ಕೊಂದು ರೂಪಾಯಿಯಂತೆ 216 ಸಲ ಆಡಿದರೆ ಕೈಗೆ ಬರುವ ಲಾಭ 75, 30 ಮತ್ತು 3, ಒಟ್ಟು 108 ರೂಪಾಯಿ, ಕಳೆದುಕೊಳ್ಳುವುದು 125. ವ್ಯತ್ಯಾಸ 17. ರೂಪಾಯಿಗೆ ಸುಮಾರು 8 ಪೈಸೆ ಒಡೆಯನ ಪಾಲು. ದಾಳದಲ್ಲಿ ಮೋಸ ಬೇಕಾಗಿಲ್ಲ. ದಾಳ ಸಾಚಾ ಆಗಿದ್ದರೂ ಇದು ನಡೆಯುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಆರು ಚಿತ್ರಗಳ ಮೇಲೂ ಒಬ್ಬೊಬ್ಬರು ಒಂದೊಂದು ರೂಪಾಯಿ ಇಟ್ಟಿದ್ದಾರೆನ್ನಿ. ಮೂರು ದಾಳಗಳಲ್ಲಿ ಮೂರು ಬೇರೆ ಚಿತ್ರ ಬಿದ್ದರೆ ಒಡೆಯ ಮೂವರಿಂದ ಎಳೆದು ಮೂವರಿಗೆ ಕೊಡುತ್ತಾನೆ. ಅವನಿಗೆ ಏನೂ ಇಲ್ಲ. ಎರಡು ಒಂದೇ ಆಗಿ ಬಿದ್ದರೆ ನಾಲ್ವರಿಂದ ನಾಲ್ಕು ರೂಪಾಯಿ ಎಳೆದು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು ಕೊಡುತ್ತಾನೆ. ಅವನಿಗೆ ಒಂದು ಉಳಿಯಿತು. ಮೂರೂ ಒಂದೇ ಆದರೆ ಐವರಿಂದ ಐದು ಬಂದು, ಮೂರು ಹೋಗಿ, ಎರಡು ಉಳಿಯಿತು. ಜೋಡಿ ಬಿದ್ದಾಗ ಸುತ್ತ ನಿಂತವರು ‘ಹೋ’ ಎಂದು ಕೂಗುತ್ತಾರೆ. ಗೆದ್ದವನ ಬೆನ್ನು ತಟ್ಟುತ್ತಾರೆ. ಒಡೆಯನಿಗೆ ಹಣ ಬೀಳುವುದು ಸರಿಯಾಗಿ ಆ ಕೂಗಿನ ಹೊತ್ತಿಗೆ.

ಆ ಆಟದ ಮಾತುಗಳನ್ನೂ ಕೂಡಿಸಬೇಕೆಂದು ಈ ಲೇಖನಕ್ಕಾಗಿ ಚಿಕ್ಕಪ್ಪನವರನ್ನೇ ಕೇಳಿದೆ. ಅವರು ಆ ರಾತ್ರಿಯ ಬಳಿಕ ಯಾವ ದಾಳವನ್ನೂ ಮುಟ್ಟಿದವರಲ್ಲ. ಮನೆಯ ಚೌಕಾಬಾರಕ್ಕೂ ಕೂರರು. ಲೆಕ್ಕದ ಕಾಗದವನ್ನು ತೋರಿಸಿ ವಿವರಿಸಿದೆ. ಬಹಳ ಹೊತ್ತು ನೋಡಿದರು. ‘ಇಷ್ಟು ಸಣ್ಣದಾಯಿತಲ್ಲೋ’ ಎಂದರು. ಏನು ಸಣ್ಣದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಕೇಳಿದೆ: ‘ಕಿರೀಟ ಬಿದ್ದರೆ ನೀವು ಏನಂತ ಕೂಗುತ್ತಿದ್ದಿರಿ ಚಿಕ್ಕಪ್ಪ? ಜೋಡಿಗೆ ಏನನ್ನುತ್ತಿದ್ದಿರಿ?’

ಅವರು ನೆನಪು ಮಾಡಿಕೊಂಡರು. ಡಬ್ಬಿಯವನ ಮಾತು ಅವರಿಗೆ ಬಾಯಿಪಾಠ. ‘ಪೆಟ್ಟಂಡಿ, ಪೆಟ್ಟಂಡಿ, ಇಡಿ ಸ್ವಾಮಿ, ಇಡಿ, ಒಂದಕ್ಕೆ ಒಂದು, ಎರಡಕ್ಕೆ ಎರಡು, ಕಿರೀಟ ಖಾಲಿ ಇದೆ ನೋಡಿ, ರಾಜ ಒಬ್ಬನೇ ಕೂತಿದ್ದಾನೆ, ಕೈ ತೆಗೀರಿ, ಎತ್ತಿದೆ!’ ಎಂದು ಅವನ ಧ್ವನಿಯಲ್ಲೇ ಹೇಳಿದರು. ಎಂಟು ವರ್ಷವಾದರೂ ಒಂದಕ್ಷರ ಮರೆತಿರಲಿಲ್ಲ. ತೆಲುಗಿನವನಿಗೆ ತೆಲುಗು, ಕನ್ನಡದವನಿಗೆ ಕನ್ನಡ.

‘ಅದು ಅವನ ಮಾತಾಯಿತು. ನಿಮ್ಮದು?’ ಎಂದೆ.

‘ನಮ್ಮದು ಏನೂ ಇರಲಿಲ್ಲ ಕಣೋ,’ ಎಂದರು. ‘ನಾವು ಮಾತಾಡುತ್ತಿರಲಿಲ್ಲ. ಇಡುತ್ತಿದ್ದೆವು.’

ನನ್ನ ಟಿಪ್ಪಣಿ ಪುಸ್ತಕದಲ್ಲಿ ಚೌಕಾಬಾರದ ಮಾತುಗಳು ಮೂರು ಪುಟ ತುಂಬಿವೆ. ಡಬ್ಬಿಯ ಆಟಕ್ಕೆಂದು ಬಿಟ್ಟಿದ್ದ ಪುಟದಲ್ಲಿ ಒಡೆಯನ ಕೂಗನ್ನು ಬರೆದುಕೊಂಡೆ; ಆಟಗಾರರ ಮಾತು ಎಂಬ ತಲೆಬರಹದ ಕೆಳಗೆ ಬರೆಯಲು ಏನೂ ದೊರೆಯಲಿಲ್ಲ. ಅಲ್ಲಿ ದಾಳ ಅವನ ಕೈಯಲ್ಲಿ, ಡಬ್ಬಿ ಅವನದು, ಚಿತ್ರಗಳಿಗೆ ಹೆಸರಿಡುವವನೂ ಅವನೇ.

ಅಕ್ಕ ಈಗ ಗೌರಿಬಿದನೂರಿನ ಕಡೆ ಮದುವೆಯಾಗಿ ಹೋಗಿದ್ದಾಳೆ. ದೀಪಾವಳಿಗೆ ಬಂದಿದ್ದಾಗ ಅದೇ ಜಗಲಿಯಲ್ಲಿ ಮಗಳಿಗೆ ಹಾಸು ಬರೆದುಕೊಟ್ಟಳು. ಮಗುವಿಗೆ ಎಂಟು ಬಿದ್ದರೆ ಅದು ‘ಬಾರ’ ಎನ್ನುತ್ತದೆ, ನಾಲ್ಕು ಬಿದ್ದರೆ ‘ಚಮ್ಮಾ’ ಎನ್ನುತ್ತದೆ. ಅರ್ಧ ನನ್ನ ತಾಯಿಯದು, ಅರ್ಧ ಅವ್ವನದು. ಟಿಪ್ಪಣಿ ಪುಸ್ತಕವನ್ನು ಅಕ್ಕ ತಿರುವಿ ನೋಡಿ, ಹದಿನಾರರ ಲೆಕ್ಕದ ಕೆಳಗೆ ಪೆನ್ಸಿಲಿನಿಂದ ಒಂದು ಗೀಟು ಹಾಕಿದಳು. ಕವಡೆಯ ಎರಡು ಮೈ ಸಮನಾಗಿ ಬೀಳುವುದಿಲ್ಲ, ಅದು ನಾಣ್ಯವಲ್ಲ, ಹುಣಸೆ ಬೀಜವೂ ಉಜ್ಜಿದ ಮೇಲೆ ಸಮ ಇರದು, ಒಂದು ದಿನ ಕೂತು ಸಾವಿರ ಸಲ ಹಾಕಿ ಬರೆದುಕೊಂಡು ನೋಡಬೇಕು ಎಂದಳು. ಹಾಕುವವಳು ತಾನು, ಬರೆದುಕೊಳ್ಳುವವನು ನಾನು ಎಂದು ಒಪ್ಪಂದವಾಗಿದೆ. ಬೇಸಗೆ ರಜೆಯಲ್ಲಿ ಅವಳ ಊರಿಗೆ ಹೋಗುವವನಿದ್ದೇನೆ. ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರದ ಕಡೆಯ ಸಹಪಾಠಿಗಳು ತಮ್ಮ ಮನೆಗಳಲ್ಲಿ ನಾಲ್ಕಕ್ಕೂ ಎಂಟಕ್ಕೂ ಏನೆನ್ನುತ್ತಾರೆಂಬುದನ್ನು ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.